ಕರಿಕೋಟಿನ ಅಳತೆ

ವಿರಾಜಪೇಟೆಯ ಮಳೆಗೆ ಕರಿಕೋಟೂ ನರೆಯುತ್ತದೆ.
ಜುಲೈಯಲ್ಲಿ ತೋಳಿನ ಮಡಿಕೆಗೆ ಬೂಸಲು ಹಿಡಿದು
ಬೆಳ್ಳಗೆ, ಮೆತ್ತಗೆ, ಹಳೇ ಜಡ್ಜರ ಹುಬ್ಬಿನ ಹಾಗೆ.
ಆಗ ವಕೀಲರೆಲ್ಲ ನನ್ನ ಅಂಗಡಿಯ ಕಟ್ಟೆ ಹತ್ತುತ್ತಾರೆ:
"ಲಾಜರಣ್ಣ, ಹನ್ನೊಂದಕ್ಕೆ ಕೇಸಿದೆ, ಒಂದಿಷ್ಟು ಇಸ್ತ್ರಿ."
ನೀರು ಚಿಮುಕಿಸಿ, ಕೆಂಡ ಊದಿ,
ಕಾನೂನನ್ನು ಒಣಗಿಸಿ ಕೊಡುತ್ತೇನೆ.

ಮೂವತ್ತಾರು ವರ್ಷ. ಟೇಪು ಹಿಡಿದ ಕೈಗೆ ಗೊತ್ತು
ಯಾರು ಯಾವ ಬಗೆಯ ವಕೀಲರೆಂದು.
ಸಿವಿಲ್‌ನವರ ಬಲಮೊಣಕೈ ಸವೆದಿರುತ್ತದೆ,
ತಾಲ್ಲೂಕು ಕಚೇರಿಯಲ್ಲಿ ಜಮ್ಮಾ ಬಾಣೆಯ ಕಡತ ತೆಗೆದು
ಮುತ್ತಜ್ಜನ ಹೆಸರಲ್ಲೇ ಉಳಿದ ಒಂದು ಗದ್ದೆಗೆ
ಅರವತ್ತೆಂಟು ವಾರಸುದಾರರನ್ನು ಬೆರಳು ಮಡಿಸಿ ಎಣಿಸಿ.
ಮೈಸೂರಿನ ಕಾಲೇಜು ಡಿಗ್ರಿ ಕೊಟ್ಟೀತು,
ಬಾರ್ ಕೌನ್ಸಿಲ್ಲು ಸನ್ನದು;
ಮಾಸಿದ ಮಸಿ ಓದುವ ಕಣ್ಣನ್ನು
ಆ ಧೂಳೇ ಕೊಡಬೇಕು.

ನೋಟರಿ ಪಳಂಗಪ್ಪನವರಿಗೆ ಸವೆಯುವುದು ಪ್ಯಾಂಟಿನ ಹಿಂಭಾಗ.
ಎಸ್ಟೇಟ್ ಕಂಪನಿಯ ಲಾ ಆಫೀಸರು ಕೋಟು ಹೊಲಿಸುವುದೇ ಇಲ್ಲ.
ಜಗಳ ಕೋರ್ಟು ಮುಟ್ಟದಂತೆ ನೋಡುವುದೇ ಅವರ ಕೆಲಸವಂತೆ.
ಅಂಥವರಿಂದ ನನ್ನ ಹೊಟ್ಟೆ ತುಂಬೀತೆ?

ನನ್ನದೂ ಒಂದು ಕೇಸಿದೆ, ಇದೇ ಅಂಗಡಿ ಬಿಡಿಸುವ ದಾವೆ.
ಹದಿಮೂರು ವರ್ಷದಿಂದ ವಾಯಿದೆ.
ನಮ್ಮ ವಕೀಲರನ್ನು ಬೈಯಲಾರೆ;
"ನಾಳೆ ಬನ್ನಿ" ಅನ್ನುವುದನ್ನು
ಅವರು ನನ್ನಿಂದಲೇ ಕಲಿತಿರಬೇಕು.

ಮೊನ್ನೆ ಸಂಜೆ ದೇಚಕ್ಕ ಬಂದಳು, ಕಂಕುಳಲ್ಲಿ ಗಂಟು.
ಬೆಳ್ಯಪ್ಪನವರ ಕೋಟು. ಅವರು ತೀರಿ ಆರು ತಿಂಗಳು.
ಆರೋಪಿಗಳ ಪರ ನಿಂತೂ ನಿಂತೂ ಬೆನ್ನು ಬಾಗಿದ್ದವರು.
ನಾಲ್ಕು ವರ್ಷ ಇವಳು ಅವರ ಜೂನಿಯರ್,
ಕಡತ ಹೊತ್ತು, ತಾರೀಕು ಬರೆದು, ಅವರ ಕನ್ನಡಕ ಹುಡುಕಿ,
ಹಿಂದಿನ ಕುರ್ಚಿಯಲ್ಲಿ ಬಾಯಿಬಿಡದೆ ಕಲಿತವಳು.
"ಇದನ್ನು ನನ್ನ ಅಳತೆಗೆ ಮಾಡಿಕೊಡಿ."
"ಅವರ ಆಫೀಸು ನೀನೇ ನಡೆಸುತ್ತೀಯ?"
"ಇಲ್ಲ. ಪರೀಕ್ಷೆ ಪಾಸಾಯಿತು, ಸಹಾಯಕ ಸರ್ಕಾರಿ ಅಭಿಯೋಜಕಿ.
ಸೋಮವಾರದಿಂದ ಆ ಕಡೆಯ ಮೇಜು."

ಹೆಗಲು ಬಿಚ್ಚಿದೆ. ನಾನೇ ಹಾಕಿದ ಹೊಲಿಗೆ, ಬಿಡಿಸಲು ನನಗೇ ಕಷ್ಟ.
ಒಳಜೇಬು ತೂತಾಗಿ ಅಸ್ತರಿನ ತಳಕ್ಕೆ ಇಳಿದಿದ್ದವು
ನಶ್ಯದ ಪುಡಿ, ಒಂದು ಬಸ್ ಟಿಕೆಟ್ಟು, ನಾಲ್ಕು ಮಡಿಕೆಯ ಚೀಟಿ.
ಪಾಟೀ ಸವಾಲಿನ ಪಟ್ಟಿ, ಒಂದರಿಂದ ಎಂಟು.
ಏಳಕ್ಕೂ ಗುರುತು ಬಿದ್ದಿದೆ. ಎಂಟನೆಯದರ ಮೇಲೆ
ಕಾಗದ ಹರಿಯುವಷ್ಟು ಒತ್ತಿ ಗೀಟು:
'ಆ ಹೊತ್ತಿಗೆ ಕೋವಿ ಯಾರ ಕೈಯಲ್ಲಿತ್ತು?'

ಯಾವ ಕೇಸೆಂದು ನಾನು ಕೇಳಲಿಲ್ಲ.
ಬಲ್ಬಿನ ಕೆಳಗೆ ಹಿಡಿದು ಅವಳು ಬಹಳ ಹೊತ್ತು ನೋಡಿದಳು.
ಗಡಿಯಾರ ಕಂಬದ ಬಳಿ ಗೋಣಿಕೊಪ್ಪಲಿನ ಬಸ್ಸು
ಹಾರ್ನ್ ಹೊಡೆದು, ಕಾದು, ಹೋಯಿತು.
"ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬೇಡ ಅನ್ನುತ್ತಿದ್ದರು.
ಇದರ ಉತ್ತರ ಅವರಿಗೆ ಗೊತ್ತಿತ್ತು, ಲಾಜರಣ್ಣ."

ಚೀಟಿ ಎಲ್ಲಿಡಲಿ ಎಂದೆ.
"ಹೊಸ ಒಳಜೇಬು ಹಾಕಿ. ಗಟ್ಟಿ ಬಟ್ಟೆ."

ಎದೆಸುತ್ತಿಗೆ ಆರಿಂಚು ತೆಗೆದೆ, ತೋಳಿಗೆ ಎರಡು.
ಅದೇ ಕರಿ, ಅದೇ ನೂಲು; ಕೋರ್ಟಿನ ಹಾಲಿನಲ್ಲಿ
ಆರು ಹೆಜ್ಜೆ ಆಚೆ ನಿಲ್ಲುವ ಬಟ್ಟೆಗೆ
ಬೇರೆ ಕತ್ತರಿ ಬೇಕೇನೋ, ನನಗೆ ತಿಳಿಯದು.
ಸೋಮವಾರ ಒಂಬತ್ತಕ್ಕೇ ಕೊಟ್ಟೆ,
ಈ ಅಂಗಡಿಯ ಚರಿತ್ರೆಯಲ್ಲಿ ಮೊದಲ ಸಲ, ಹೇಳಿದ ದಿನಕ್ಕೆ.
ಬೆನ್ನಿನಲ್ಲಿ ಮಾತ್ರ ಅವರ ಬಾಗು ಉಳಿದಿತ್ತು.
ಕೆಂಡ ಊದಿ ಮೂರು ಸಲ ಎಳೆದಿದ್ದೆ.
ಅವಳಿಗೆ ಹೇಳಲಿಲ್ಲ.